ಜರ್ಮನ್ ಮಾತು ತಿದ್ದಿಕೊಳ್ಳಲು ಆಡಾಸಿಟಿ: ದೀರ್ಘಕಾಲದ ಬಳಕೆಯ ನಂತರ

ಆಡಾಸಿಟಿ ಭಾಷಾ ಕಲಿಕೆಗೆಂದು ರೂಪಿಸಿದ ತಂತ್ರಾಂಶವಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜ್ಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ, 2000ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಈ ಧ್ವನಿ ಸಂಪಾದನೆಯ ತಂತ್ರಾಂಶವನ್ನು ಹಾಡು ಮುದ್ರಿಸುವವರು, ಪಾಡ್‌ಕಾಸ್ಟ್ ಮಾಡುವವರು ಹೆಚ್ಚಾಗಿ ಬಳಸುತ್ತಾರೆ. ನಾನು ಇದನ್ನು ಕೆಲವು ವರ್ಷಗಳಿಂದ ಜರ್ಮನ್ ಮಾತನಾಡುವುದನ್ನು ಕಲಿಯಲಿಕ್ಕಾಗಿಯೇ ಬಳಸುತ್ತಿದ್ದೇನೆ. ಹಣ ಕೊಟ್ಟು ಬಳಸಿದ ಕಲಿಕಾ ಆ್ಯಪ್‌ಗಳಿಗಿಂತ ಉಚಿತವಾಗಿ ಸಿಗುವ ಈ ತಂತ್ರಾಂಶದಿಂದಲೇ ನನ್ನ ಉಚ್ಚಾರಣೆ ಹೆಚ್ಚು ಸುಧಾರಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಳಸುವ ಕ್ರಮ ಸರಳವಾಗಿದೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲ ಕಲಿಯುವವರಿಗಾಗಿ ನಿಧಾನವಾಗಿ ಓದಿದ ವಾರ್ತೆಗಳನ್ನು ಪಠ್ಯದೊಡನೆ ಉಚಿತವಾಗಿ ಒದಗಿಸುತ್ತದೆ. ಅದರಿಂದ ಒಂದು ವಾಕ್ಯವನ್ನು ಆಯ್ದು ಮೇಲಿನ ಟ್ರ್ಯಾಕ್‌ನಲ್ಲಿ ಇಟ್ಟು, ಲೂಪ್ ಹಾಕಿ ಮತ್ತೆ ಮತ್ತೆ ಕೇಳಿ, ಅದೇ ವಾಕ್ಯವನ್ನು ನನ್ನ ಧ್ವನಿಯಲ್ಲಿ ಕೆಳಗಿನ ಟ್ರ್ಯಾಕ್‌ನಲ್ಲಿ ಮುದ್ರಿಸಿ, ಎರಡನ್ನೂ ಒಂದಾದ ಮೇಲೊಂದರಂತೆ ಕೇಳುತ್ತೇನೆ. ನಾವು ಮಾತನಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಗೆ ತಲುಪುವುದರಿಂದ, ಜೊತೆಗೆ ಗಮನವೆಲ್ಲ ಅರ್ಥದ ಮೇಲಿರುವುದರಿಂದ, ಇತರರಿಗೆ ಕೇಳಿಸುವ ನಮ್ಮ ಮಾತು ನಮಗೆ ಆ ಕ್ಷಣದಲ್ಲಿ ಕೇಳಿಸುವುದಿಲ್ಲ. ಮುದ್ರಿಸಿ ಕೇಳಿದಾಗ ಮಾತ್ರ ಅದು ಬೇರೆಯವರ ಮಾತಿನಂತೆ ಪರೀಕ್ಷೆಗೆ ಸಿಗುತ್ತದೆ.

ಆಡಾಸಿಟಿಯ ನಿಜವಾದ ಉಪಯೋಗವಿರುವುದು ಧ್ವನಿಯನ್ನು ಏರಿಳಿಯುವ ಅಲೆಯ ರೇಖೆಯಾಗಿ ಕಣ್ಣಿಗೂ ತೋರಿಸುವುದರಲ್ಲಿ. ಕನ್ನಡ ಸಂಧಿಯ ಭಾಷೆ. ಮಾತು, ಇಲ್ಲ ಎಂಬೆರಡು ಪದಗಳು ನಮ್ಮ ಬಾಯಲ್ಲಿ ತಾವಾಗಿಯೇ ‘ಮಾತಿಲ್ಲ’ ಆಗುತ್ತವೆ. ಅದೇ ಅಭ್ಯಾಸದಿಂದ ನಾವು ‘ಐನ್ ಅಪ್ಫೆಲ್’ (ಒಂದು ಸೇಬು) ಎಂಬುದನ್ನು ‘ಐನಪ್ಫೆಲ್’ ಎಂದೂ, ‘ಅಮ್ ಆಬೆಂಟ್’ (ಸಂಜೆಯ ಹೊತ್ತು) ಎಂಬುದನ್ನು ‘ಅಮಾಬೆಂಟ್’ ಎಂದೂ ಕೂಡಿಸಿಬಿಡುತ್ತೇವೆ. ಜರ್ಮನರು, ಅದರಲ್ಲೂ ಸ್ಪಷ್ಟವಾಗಿ ಓದುವ ವಾರ್ತಾವಾಚಕರು, ಸ್ವರದಿಂದ ಆರಂಭವಾಗುವ ಪದದ ಮುನ್ನ ಗಂಟಲನ್ನು ಕ್ಷಣಮಾತ್ರ ಬಿಗಿಹಿಡಿದು ಬಿಡುತ್ತಾರೆ. ಈ ತಡೆ ಬಹಳ ಕಿರಿದಾದುದರಿಂದ ಹೊಸಬರ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ವಾಚಕರ ಅಲೆಯಲ್ಲಿ ‘ಐನ್’ ಮುಗಿದಲ್ಲಿ ರೇಖೆ ತೆಳುವಾಗಿ, ಒಂದು ಸಣ್ಣ ಬಿಡುವಿನ ನಂತರ ‘ಅ’ ಥಟ್ಟನೆ ಎದ್ದು ನಿಲ್ಲುತ್ತದೆ; ನನ್ನ ಅಲೆಯಲ್ಲಿ ಅದೇ ಜಾಗ ತುಂಬಿಕೊಂಡಿರುತ್ತಿತ್ತು. ಆ ಬಿಡುವನ್ನು ಕಣ್ಣಾರೆ ಕಂಡ ಮೇಲೆ ಕಿವಿ ಅದನ್ನು ಹಿಡಿಯತೊಡಗಿತು, ಕಿವಿ ಹಿಡಿದ ಮೇಲೆ ಗಂಟಲಿಗೂ ಬಂತು.

ಪದದ ಆರಂಭದ ಪ, ಟ, ಕಗಳ ವಿಷಯವೂ ಹೀಗೆಯೇ. ಜರ್ಮನ್ನಿನಲ್ಲಿ ಇವು ನಮ್ಮ ಅಲ್ಪಪ್ರಾಣಗಳಲ್ಲ. ಮಹಾಪ್ರಾಣಕ್ಕೆ ಹತ್ತಿರವಾದ ಉಸಿರು ಅವುಗಳ ಬೆನ್ನಿಗಿರುತ್ತದೆ. ‘ಟಾಕ್’ (ದಿನ) ಎಂಬ ಪದದಲ್ಲಿ ಟಕಾರದ ಸಿಡಿತ, ಅನಂತರದ ಉಸಿರು, ಆಮೇಲೆ ಬರುವ ಸ್ವರ ಇವು ಮೂರೂ ಬೇರೆ ಬೇರೆಯಾಗಿ ಅಲೆಯಲ್ಲಿ ಕಾಣುತ್ತವೆ. ಪದಾಂತ್ಯದ ವ್ಯಂಜನಕ್ಕೆ ನಾವು ಸೇರಿಸುವ ಉಕಾರವೂ, ಅಂದರೆ ಬಸ್ಸು, ಕಾರು ಎನ್ನುವಾಗಿನ ಅಭ್ಯಾಸವೂ, ಬಾಲದಂತೆ ಎದ್ದು ಕಾಣುತ್ತದೆ. ಹ್ರಸ್ವ–ದೀರ್ಘಗಳಲ್ಲಿ ಮಾತ್ರ ಕನ್ನಡಿಗರಿಗೆ ಹೆಚ್ಚಿನ ಶ್ರಮ ಬೇಕಿಲ್ಲ. ‘ಮಿಟ’ (ನಡು) ಮತ್ತು ‘ಮೀಟ’ (ಬಾಡಿಗೆ) ಪದಗಳ ವ್ಯತ್ಯಾಸ ನಮಗೆ ಭಾಷೆಯೇ ಕೊಟ್ಟ ವರ.

ನಾನು ಚಂದಾ ಕಟ್ಟಿ ಬಳಸಿದ ಒಂದು ಆ್ಯಪ್ ಪ್ರತಿ ವಾಕ್ಯಕ್ಕೂ ಅಂಕ ಕೊಡುತ್ತಿತ್ತು. ‘ಐನಪ್ಫೆಲ್’ ಎಂದರೂ ಹಸಿರು ಗುರುತು ಬರುತ್ತಿತ್ತು, ಏಕೆಂದರೆ ಪದ ಯಾವುದೆಂದು ಗುರುತಿಸುವುದಷ್ಟೇ ಅದರ ಗುರಿಯಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಆಡಾಸಿಟಿ ಅಂಕ ಕೊಡುವುದಿಲ್ಲ. ತೀರ್ಪು ನೀಡುವ ಕೆಲಸ ಕಲಿಯುವವರ ಕಿವಿಗೇ ಉಳಿಯುತ್ತದೆ. ಮಾತು ತಿದ್ದಿಕೊಳ್ಳಲು ಬೇಕಾದದ್ದು ಆ ಕಿವಿಯೇ ಆದ್ದರಿಂದ ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ತೊಡಕುಗಳೂ ಇವೆ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಮಾತ್ರ ನಡೆಯುತ್ತದೆ, ಮೊಬೈಲಿಗೆ ಇಲ್ಲ. ಮೊದಲ ನೋಟಕ್ಕೆ ಮೆನುಗಳು ಗಾಬರಿ ಹುಟ್ಟಿಸುವಷ್ಟಿವೆ, ಆದರೆ ನಮಗೆ ಬೇಕಾದವು ನಾಲ್ಕೈದು ಮಾತ್ರ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಸಿದಾಗ ಸಾಮಾನ್ಯವಾಗಿ ಧ್ವನಿಯ ಗುಣಮಟ್ಟ ಕುಸಿಯುತ್ತದೆ, ವಾಚಕರ ಜೊತೆಜೊತೆಗೇ ಹೇಳಿ ಮುದ್ರಿಸುವಾಗ ತಾಳವೂ ತಪ್ಪುತ್ತದೆ. ತಂತಿಯಿರುವ ಹೆಡ್‌ಫೋನ್ ಇದ್ದರೆ ಒಳ್ಳೆಯದು. ಸ್ವರದ ಎತ್ತರ ಬದಲಾಗದಂತೆ ವೇಗ ತಗ್ಗಿಸುವ ಸೌಲಭ್ಯ ಉಪಯುಕ್ತವೇ ಆದರೂ, ಬಹಳ ತಗ್ಗಿಸಿದರೆ ಧ್ವನಿ ಕೊಳವೆಯೊಳಗಿಂದ ಬಂದಂತಾಗಿ ವ್ಯಂಜನಗಳು ಕಲಸಿಹೋಗುತ್ತವೆ. ನಿಧಾನದ ವಾರ್ತೆಯ ಲಯವನ್ನೇ ಮಾದರಿಯಾಗಿಟ್ಟುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಹಾಗೆ ಬಿಡಿಬಿಡಿಯಾಗಿ ಯಾರೂ ಮಾತನಾಡುವುದಿಲ್ಲ. ಧ್ವನಿಗಳು ಹಿಡಿತಕ್ಕೆ ಬಂದ ಮೇಲೆ ನಾನು ಜರ್ಮನ್ ದೂರದರ್ಶನದ ಟಾಗೆಸ್‌ಷೌ ವಾರ್ತೆಯ ನೂರು ಸೆಕೆಂಡುಗಳ ಆವೃತ್ತಿಗೆ ಬದಲಾಯಿಸಿಕೊಂಡೆ.

ಸಂಭಾಷಣೆಯನ್ನು ಮಾತ್ರ ಇದು ಕಲಿಸಲಾರದು. ಜರ್ಮನ್ ಕಲಿಸುವ ಗ್ಯೋಟೆ ಸಂಸ್ಥೆಯ ಬಿ1 (ಮಧ್ಯಮ ಹಂತದ) ಪರೀಕ್ಷೆಯ ಮಾತಿನ ಭಾಗವನ್ನು ಸಾಮಾನ್ಯವಾಗಿ ಇಬ್ಬರು ಅಭ್ಯರ್ಥಿಗಳನ್ನು ಕೂಡಿಸಿ ನಡೆಸುತ್ತಾರೆ; ಎದುರಿಗಿರುವವರ ಮಾತಿಗೆ ತಕ್ಷಣ ಉತ್ತರ ಹೊಳೆಯಬೇಕು. ಅದಕ್ಕೆ ಜೊತೆಗಾರರೂ ಗುರುಗಳೂ ಬೇಕೇ ಬೇಕು. ಗುರುಗಳ ಸಮಯವನ್ನು ಉಳಿಸಲು ಆಡಾಸಿಟಿಯ ಲೇಬಲ್ ಟ್ರ್ಯಾಕ್ ನೆರವಾಗುತ್ತದೆ. ಅನುಮಾನವಿರುವ ಕಡೆಯಲ್ಲೆಲ್ಲ ಗುರುತು ಹಾಕಿ ನನ್ನ ಪ್ರಶ್ನೆಯನ್ನು ಅಲ್ಲಿಯೇ ಬರೆಯುತ್ತೇನೆ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಇಡೀ ಯೋಜನೆ ಒಂದೇ ಕಡತದಲ್ಲಿ ಉಳಿಯುವುದರಿಂದ ಕಳುಹಿಸುವುದು ಸುಲಭವಾಗಿದೆ. ನಮ್ಮ ಜರ್ಮನ್ ಮೇಡಂ ಅದನ್ನು ಬಿಡುವಿನಲ್ಲಿ ತೆರೆದು, ನನ್ನ ಗುರುತಿನ ಕೆಳಗೆ ಸರಿಯಾದ ಉಚ್ಚಾರಣೆಯನ್ನು ತಮ್ಮ ಧ್ವನಿಯಲ್ಲೇ ಮುದ್ರಿಸಿ ಹಿಂದಿರುಗಿಸುತ್ತಾರೆ.