ವಿಮಾನದ ದೂರ, ಸಮಯ ನೋಡೋಕೆ ಯಾವುದು ವಾಸಿ? ದಾರ, ಕ್ಯಾಲ್ಕ್ಯುಲೇಟರ್, ಟಿಕೆಟ್, ಟ್ರ್ಯಾಕರ್

ಎರಡು ಏರ್‌ಪೋರ್ಟ್ ನಡುವೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಹಾಗಾಗಿ ನ್ಯೂಯಾರ್ಕಿನ ಜೆಎಫ್‌ಕೆ, ಲಂಡನ್ನಿನ ಹೀಥ್ರೂ ಎರಡನ್ನೇ ಇಟ್ಟುಕೊಂಡು ನಾಲ್ಕು ರೀತಿಯಲ್ಲೂ ನೋಡಿದೆ.

ಮೊದಲು ಗ್ಲೋಬ್ ಮತ್ತು ದಾರ. ಗ್ಲೋಬಿನ ಅಡ್ಡಳತೆ 30 ಸೆಂ.ಮೀ. ಎರಡೂ ಊರಿನ ಮೇಲೆ ದಾರವನ್ನು ಬೆರಳಿನಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ ಅದು ತಾನಾಗಿಯೇ ಉತ್ತರಕ್ಕೆ ಸರಿದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯಿಂದ ಹೋಗುತ್ತದೆ. ಗೋಡೆಯ ಮ್ಯಾಪಿನಲ್ಲಿ ಸ್ಕೇಲ್ ಇಟ್ಟರೆ ಇದು ಕಾಣುವುದೇ ಇಲ್ಲ. ದಾರದ ಅಳತೆ 13 ಸೆಂ.ಮೀ. ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಗ್ಲೋಬಿನದು 94 ಸೆಂ.ಮೀ., ಅಂದರೆ ಒಂದು ಸೆಂ.ಮೀ.ಗೆ ಹತ್ತಿರಹತ್ತಿರ 425 ಕಿ.ಮೀ. ಗುಣಿಸಿದರೆ 5,525. ಎರಡು ಊರಿನ ಹೆಸರು ಹಾಕಿದರೆ ದೂರ, ಸಮಯ ಹೇಳುವ ಆನ್‌ಲೈನ್ ಕ್ಯಾಲ್ಕ್ಯುಲೇಟರ್ ಹೇಳಿದ್ದು ಸುಮಾರು 5,540. ಒಂದು ತುಂಡು ದಾರ ಇಷ್ಟು ಹತ್ತಿರ ಬಂದಿದ್ದು ನೋಡಿ ನಿಜಕ್ಕೂ ಖುಷಿಯಾಯಿತು.

ದೂರಕ್ಕೆ ಕ್ಯಾಲ್ಕ್ಯುಲೇಟರ್ ಸಾಕು. ಸಮಯಕ್ಕೆ ಮಾತ್ರ ಅದನ್ನು ನಂಬಬೇಡಿ. ಅದು ದೂರವನ್ನು ಗಂಟೆಗೆ 800 ಅಥವಾ 850 ಕಿ.ಮೀ. ವೇಗದಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸುತ್ತದೆ ಅಷ್ಟೇ, ಹೋಗುವಾಗಲೂ ಬರುವಾಗಲೂ ಒಂದೇ ಉತ್ತರ. ಆದರೆ ಮೇಲೆ 10-12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಲಂಡನ್ ಕಡೆಗೆ ಹೋಗುವಾಗ ಬೇಗ, ನ್ಯೂಯಾರ್ಕಿಗೆ ವಾಪಸ್ ಬರುವಾಗ ಸಾಮಾನ್ಯವಾಗಿ ಒಂದು ಗಂಟೆಯಷ್ಟು ತಡ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ಬೋಯಿಂಗ್ 747 ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಹೋಗಿ ಮುಟ್ಟಿತ್ತು. ಯಾವ ಭಾಗಾಕಾರದಲ್ಲಿ ಇದು ಸಿಗುತ್ತದೆ ಹೇಳಿ?

ಟಿಕೆಟ್‌ನಲ್ಲಿರುವ ಸಮಯ ಬೇರೆಯೇ ಲೆಕ್ಕ. ಅದು ಗೇಟ್‌ನಿಂದ ಗೇಟ್‌ಗೆ. ರನ್‌ವೇವರೆಗೆ ತೆವಳುವ ಹೊತ್ತೂ ಸೇರಿರುತ್ತದೆ, ತಡವಾದರೆ ಇರಲಿ ಅಂತ ಕಂಪನಿಯವರು ಇಟ್ಟುಕೊಂಡ ನಿಮಿಷಗಳೂ ಸೇರಿರುತ್ತವೆ. ಮುಂದಿನ ವಿಮಾನ ಹಿಡಿಯಬೇಕಾದವರು ಇದನ್ನೇ ನೋಡಬೇಕು. ಹೊರಡುವ, ತಲುಪುವ ಸಮಯ ಎರಡೂ ಆಯಾ ಊರಿನದು, ಸುಮ್ನೆ ಕಳೆದರೆ ಬಹುಪಾಲು ದಿನ ಐದು ಗಂಟೆ ತಪ್ಪಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಫ್ಲೈಟ್ ಟ್ರ್ಯಾಕರ್, ಅಂದರೆ ವಿಮಾನ ಕಳಿಸುವ ಸಿಗ್ನಲ್ ಹಿಡಿದು ಅದು ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸುವ ವೆಬ್‌ಸೈಟ್. ನೆಲದ ರಿಸೀವರ್‌ಗಳಿಗೆ ನಡು ಸಮುದ್ರದ ಸಿಗ್ನಲ್ ಸಿಗುವುದಿಲ್ಲ, ಅಲ್ಲಿ ಕೆಲವೊಮ್ಮೆ ಕಾಣುವ ಗೆರೆ ಬರೀ ಅಂದಾಜು. ಆದರೂ ವಿಮಾನ ಎಷ್ಟಕ್ಕೆ ಎದ್ದಿತು, ಎಷ್ಟಕ್ಕೆ ಇಳಿಯಿತು ಅನ್ನೋದು ನಿಜವಾಗಿ ನಡೆದದ್ದು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಹಾಕಿ ನೋಡಿ. ಕ್ಯಾಲ್ಕ್ಯುಲೇಟರ್ ಇವತ್ತಿಗೂ ಸುಮಾರು 7,800 ಕಿ.ಮೀ. ಅನ್ನುತ್ತದೆ, ಮೊದಲು ಒಂಬತ್ತೂವರೆ ಗಂಟೆಯ ದಾರಿ ಅದು. 2022ರಲ್ಲಿ ರಷ್ಯಾದ ಆಕಾಶ ಫಿನ್ಲೆಂಡಿನ ವಿಮಾನಗಳಿಗೆ ಮುಚ್ಚಿದ ಮೇಲೆ ಸುತ್ತು ಹಾಕಿ ಹೋಗಬೇಕು, ಸುಮಾರು 13 ಗಂಟೆ. ಈ ಸುತ್ತು ಟ್ರ್ಯಾಕರ್‌ನಲ್ಲಿ ಕಣ್ಣಿಗೆ ಕಾಣುತ್ತದೆ.

ಈಗ ಯಾರನ್ನಾದರೂ ಕರೆತರೋಕೆ ಹೋಗುವ ಮೊದಲು ಅದೇ ವಿಮಾನದ ಹಿಂದಿನ ಏಳು ದಿನದ ಹಾರಾಟ ತೆರೆದು ನೋಡುತ್ತೇನೆ, ಎಲ್ಲಕ್ಕಿಂತ ಬೇಗ ಇಳಿದ ದಿನದ ಹೊತ್ತಿಗೆ ಸರಿಯಾಗಿ ಅಲ್ಲಿ ತಲುಪುವ ಹಾಗೆ ಹೊರಡುತ್ತೇನೆ.