ಲಕ್ಷುರಿ ಹೈಬ್ರಿಡ್ ಎಸ್‌ಯುವಿ: ಹುಬ್ಬಳ್ಳಿ-ಧಾರವಾಡದ ಓಡಾಟಕ್ಕೆ ತಗೋಬಹುದಾ?

ಶೋರೂಮಿಗೆ ಹೋದಾಗ ಮೊದಲು ಒಂದೇ ಮಾತು ಕೇಳಿ: ಎಂಜಿನ್ ಬಂದ್ ಇದ್ದಾಗ ಬರೀ ಕರೆಂಟಿನ ಮೋಟಾರಿನ ಮೇಲೆ ಈ ಗಾಡಿ ಓಡುತ್ತದಾ? ಇಲ್ಲ ಅಂದರೆ ಅದು ಮೈಲ್ಡ್ ಹೈಬ್ರಿಡ್. ವೋಲ್ವೊ ಎಕ್ಸ್‌ಸಿ60, ಆಡಿ ಕ್ಯೂ7, ಮರ್ಸಿಡಿಸ್ ಜಿಎಲ್‌ಸಿ ಈ ಸಾಲಿನವು. ಅವುಗಳ 48 ವೋಲ್ಟ್ ವ್ಯವಸ್ಥೆ ಸಿಗ್ನಲ್‌ನಲ್ಲಿ ನಿಂತ ಎಂಜಿನ್ನನ್ನು ಜರ್ಕ್ ಇಲ್ಲದೆ ಚಾಲೂ ಮಾಡುತ್ತದೆ, ಪಿಕಪ್‌ಗೆ ಚೂರು ಕೈ ಜೋಡಿಸುತ್ತದೆ, ಅಷ್ಟೇ. ಗಾಡಿಗಳು ಒಳ್ಳೆಯವೇ. ಆದರೆ ಹೈಬ್ರಿಡ್ ಅನ್ನೋ ಹೆಸರಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಖರೇ ಹೈಬ್ರಿಡ್ ಬೇಕಿದ್ದರೆ ಲೆಕ್ಸಸ್ ಎನ್‌ಎಕ್ಸ್ 350ಎಚ್, ಆರ್‌ಎಕ್ಸ್ 350ಎಚ್ ನೋಡಬೇಕು. ಎರಡರಲ್ಲೂ 2.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರುಗಳು. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಎನ್‌ಎಕ್ಸ್‌ಗೆ 7.7 ಸೆಕೆಂಡ್, ಆರ್‌ಎಕ್ಸ್‌ಗೆ 7.9. ಚೆನ್ನಮ್ಮ ಸರ್ಕಲ್ ಸುತ್ತಲಿನ ಇಕ್ಕಟ್ಟಿನಲ್ಲಿ, ಬಿಆರ್‌ಟಿಎಸ್ ಲೇನಿನ ಪಕ್ಕ ಉಣಕಲ್‌ವರೆಗೆ ನಿಂತು ನಿಂತು ಸಾಗುವಾಗ ಇವುಗಳ ಬೆಲೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿ ತುಂಬುತ್ತದೆ, ಮುಂದೆ ಸರಿಯುವಾಗ ಎಂಜಿನ್ ಏಳುವುದೇ ಕಡಿಮೆ. ಬ್ರೇಕ್ ಪ್ಯಾಡ್ ಕೂಡ ಬೇಗ ಸವೆಯುವುದಿಲ್ಲ. ಒಳಗಿನ ಆ ಮೌನವೇ ಈ ಗಾಡಿಯ ನಿಜವಾದ ಐಷಾರಾಮ.

ಹೈವೇಯಲ್ಲಿ ಲೆಕ್ಕ ಬೇರೆ. ಹಾವೇರಿ ದಾಟಿ ದಾವಣಗೆರೆ ಕಡೆ 100ರ ಮೇಲೆ ಒಂದೇ ಸಮ ಓಡುವಾಗ ಬ್ರೇಕೇ ಇಲ್ಲ, ವಾಪಸ್ ಬರುವ ಕರೆಂಟೂ ಇಲ್ಲ, ಎಳೆಯುವುದೆಲ್ಲ ಎಂಜಿನ್ನೇ. ಲಕ್ಷ್ಮೇಶ್ವರದ ಕಡೆಯ ಸಣ್ಣ ರಸ್ತೆಯಲ್ಲಿ ಲಾರಿ ಓವರ್‌ಟೇಕ್ ಮಾಡಲು ಪೂರ್ತಿ ಆಕ್ಸಲರೇಟರ್ ತುಳಿದರೆ ಎಂಜಿನ್ ಒಂದೇ ಸ್ವರದಲ್ಲಿ ಅರಚುತ್ತದೆ. ಅದು ದೋಷ ಅಲ್ಲ. ಈ ಗಾಡಿಗಳ ಗೇರ್‌ಬಾಕ್ಸ್ ಆದ ಇ-ಸಿವಿಟಿಯಲ್ಲಿ ಬೆಲ್ಟ್ ಇಲ್ಲ, ಗೇರ್ ಬದಲಾವಣೆಯೂ ಇಲ್ಲ. ಎಂಜಿನ್ ತನಗೆ ಬೇಕಾದ ಆರ್‌ಪಿಎಂನಲ್ಲಿ ನಿಂತುಬಿಡುತ್ತದೆ.

ಇನ್ನು ಯಲ್ಲಾಪುರ-ಅಂಕೋಲಾ ದಾರಿಯ ಅರಬೈಲ್ ಘಾಟ್. ಎರಡು ಟನ್ ಗಾಡಿ 400 ಮೀಟರ್ ಕೆಳಗಿಳಿದರೆ ಹುಟ್ಟುವ ಶಕ್ತಿ 2 ಯೂನಿಟ್‌ಗಿಂತ ಜಾಸ್ತಿ. ಇಂಥ ಹೈಬ್ರಿಡ್‌ನ ಬ್ಯಾಟರಿ ಅಷ್ಟನ್ನು ಹಿಡಿಯುವುದಿಲ್ಲ. ಅರ್ಧ ಇಳಿಯುವಷ್ಟರಲ್ಲಿ ತುಂಬಿ, ಮೋಟಾರಿನ ಹಿಡಿತ ಬಿಡುತ್ತದೆ. ಭಾರವೆಲ್ಲ ಡಿಸ್ಕ್ ಬ್ರೇಕಿನ ಮೇಲೆ. ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಗೇರ್ ಲಿವರನ್ನು ಗಾಡಿಗೆ ತಕ್ಕಂತೆ ಎಸ್ ಅಥವಾ ಬಿ ಮೋಡ್‌ಗೆ ಹಾಕಿ. ಎಂಜಿನ್ ಜೋರಾಗಿ ಕೂಗಿದರೆ ಹೆದರಬೇಡಿ, ಇಂಧನ ಸುಡದೆ ಬರೀ ತಿರುಗಿ ಗಾಡಿಯನ್ನು ತಡೆಯುತ್ತಿರುತ್ತದೆ.

ನಮ್ಮ ಭಾಗದಲ್ಲಿ ಕೈಕೊಡುವ ಜಾಗ ಅಂದರೆ ಹಿಂದಿನ ಸೀಟಿನ ಕೆಳಗಿನ ಜಾಲರಿ. ಬ್ಯಾಟರಿ ತಂಪಾಗಲು ಕ್ಯಾಬಿನ್ನಿನ ಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಗದಗ, ನರಗುಂದದ ಎರಿ ಮಣ್ಣಿನ ಧೂಳು ನುಣ್ಣನೆಯ ಹಿಟ್ಟಿನಂತೆ. ಅಲ್ಲಿನ ಫಿಲ್ಟರ್ ಮೇಲೆ ಕಂಬಳಿಯ ಹಾಗೆ ಕೂರುತ್ತದೆ. ಫ್ಯಾನ್ ಸದ್ದು ಏರುವುದು ಮೊದಲ ಸೂಚನೆ, ಆಮೇಲೆ ಪವರ್ ಇಳಿಯುತ್ತದೆ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್. ಗಾಡಿ ಪೂರ್ತಿ ಆಫ್ ಮಾಡಿ, ಕವರ್‌ನ ಕ್ಲಿಪ್ ಬಿಡಿಸಿ, ಫಿಲ್ಟರ್ ತೆಗೆದು ಸಣ್ಣ ವ್ಯಾಕ್ಯೂಮ್‌ನಿಂದ ಧೂಳು ಎಳೆಯಿರಿ. ನೀರು ಮಾತ್ರ ಸೋಕಿಸಬೇಡಿ, ಫಿಲ್ಟರ್ ಇಲ್ಲದೆ ಗಾಡಿ ಓಡಿಸಬೇಡಿ. ಹೊಲದ ದಾರಿಯ ಓಡಾಟ ಇದ್ದರೆ ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. 7ಡಿ ಮ್ಯಾಟ್, ದಪ್ಪ ಸೀಟ್ ಕವರ್ ಹಾಕಿಸುವಾಗ ಆ ಜಾಲರಿ ಮುಚ್ಚದಂತೆ ಎದುರು ನಿಂತು ಕತ್ತರಿಸಲು ಹೇಳಿ.

12 ವೋಲ್ಟ್ ಬ್ಯಾಟರಿ ಇನ್ನೊಂದು ತಲೆನೋವು. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಂಪ್ಯೂಟರ್ ಏಳುವುದಿಲ್ಲ, ಗಾಡಿ ಮಿಸುಕುವುದಿಲ್ಲ. ವಾರಗಟ್ಟಲೆ ನಿಲ್ಲಿಸುವವರು ವಾರಕ್ಕೊಮ್ಮೆ ‘ರೆಡಿ’ ದೀಪ ಹತ್ತಿಸಿ ಒಂದು ತಾಸು ಬಿಡಿ.

ಪ್ಲಗ್-ಇನ್, ಅಂದರೆ ಹೊರಗಿನ ಕರೆಂಟಿನಿಂದಲೂ ಚಾರ್ಜ್ ಮಾಡುವ ಹೈಬ್ರಿಡ್ ಬಗ್ಗೆ ಎರಡೇ ಮಾತು. ಬಿಎಂಡಬ್ಲ್ಯು ಎಕ್ಸ್‌ಎಂನಂಥ 2.7 ಟನ್ ಗಾಡಿಯನ್ನು ದಿನವೂ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಬರೀ ಹೊರೆ. 7.4 ಕಿಲೋವ್ಯಾಟ್ ಚಾರ್ಜರ್‌ಗೆ ಮನೆಯ 3 ಕಿಲೋವ್ಯಾಟ್ ಲೋಡ್ ಸಾಲದು. ಕರೆಂಟ್ ಕಂಪನಿ ಹೆಸ್ಕಾಂನಲ್ಲಿ ಲೋಡ್ ಏರಿಸಿಕೊಂಡೇ ಗಾಡಿ ತನ್ನಿ.

ದುಡ್ಡಿನ ಲೆಕ್ಕ ಹೀಗಿದೆ. ವರ್ಷಕ್ಕೆ 15,000 ಕಿ.ಮೀ. ಊರೊಳಗಿನ ಓಡಾಟ, ಸಾಮಾನ್ಯ ಪೆಟ್ರೋಲ್ ಎಸ್‌ಯುವಿ ಲೀಟರ್‌ಗೆ 9, ಹೈಬ್ರಿಡ್ 15 ಅಂತ ಹಿಡಿದರೆ ಉಳಿಯುವುದು ಸುಮಾರು 667 ಲೀಟರ್. ಲೀಟರ್‌ಗೆ 103 ರೂಪಾಯಿಯಂತೆ ವರ್ಷಕ್ಕೆ 69 ಸಾವಿರದ ಆಸುಪಾಸು. ಹಿಂದೆ ತೆರಿಗೆಯಲ್ಲೂ ಲಾಭ ಇತ್ತು: ದೊಡ್ಡ ಪೆಟ್ರೋಲ್ ಎಸ್‌ಯುವಿಗೆ ಸೆಸ್ ಸೇರಿ 50%, ಹೈಬ್ರಿಡ್‌ಗೆ 43%. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 40% ಜಿಎಸ್‌ಟಿ, ಆ ಅಂತರ ಅಳಿದುಹೋಯಿತು. 20 ಲಕ್ಷ ಮೀರಿದ ಗಾಡಿಗೆ ರಾಜ್ಯದ 18% ರೋಡ್ ಟ್ಯಾಕ್ಸ್, ಮೇಲೆ ಸೆಸ್ ಬೇರೆ. 70 ಲಕ್ಷದ ಗಾಡಿಗೆ ಟ್ಯಾಕ್ಸೇ 12.6 ಲಕ್ಷ.

ಹಾಗಾಗಿ ಬರೀ ಪೆಟ್ರೋಲ್ ಉಳಿಸಲು ಇದನ್ನು ಕೊಳ್ಳುವುದು ತಪ್ಪು ಲೆಕ್ಕ. ಅವಳಿನಗರದೊಳಗೇ ದಿನವಿಡೀ ಓಡಾಡುವ ವೈದ್ಯರು, ವ್ಯಾಪಾರಸ್ಥರು ನೆಮ್ಮದಿಗಾಗಿ ತಗೊಂಡರೆ ಎನ್‌ಎಕ್ಸ್ ಮೋಸ ಮಾಡುವುದಿಲ್ಲ. ವಾರವಾರ ಬೆಂಗಳೂರಿಗೆ ಹೋಗುವವರಿಗೆ ಜಿಎಲ್‌ಇ ಅಥವಾ ಎಕ್ಸ್5ನ ಡೀಸೆಲ್ಲೇ ಸರಿ. ಲೆಕ್ಸಸ್‌ನ ಹೈಬ್ರಿಡ್ ತಂತ್ರಜ್ಞಾನವೇ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಬೇಕು, ಬ್ರ್ಯಾಂಡ್ ಮುಖ್ಯ ಅಲ್ಲ ಅನ್ನುವವರು ಇನೊವಾ ಹೈಕ್ರಾಸ್ ಹೈಬ್ರಿಡ್ ಓಡಿಸಿ ನೋಡಬೇಕು. ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 23.24 ಕಿ.ಮೀ.

ಬುಕಿಂಗ್ ಹಣ ಕಟ್ಟುವ ಮುಂಚೆ ಹೈ-ವೋಲ್ಟೇಜ್ ಕೆಲಸ ಮಾಡುವ ವರ್ಕ್‌ಶಾಪ್ ಯಾವ ಊರಲ್ಲಿದೆ ಅಂತ ಕೇಳಿ ಬರೆಸಿಕೊಳ್ಳಿ. ಅದು ಬೆಂಗಳೂರಾದರೆ ಕೆಟ್ಟಾಗ 400 ಕಿ.ಮೀ. ಸಾಗಿಸಬೇಕು, ಅದೂ ನಾಲ್ಕೂ ಚಕ್ರ ಮೇಲಿರುವ ಫ್ಲ್ಯಾಟ್‌ಬೆಡ್‌ನಲ್ಲೇ. ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ಕರೆಂಟ್ ಹುಟ್ಟಿಸಿ ಒಳಗಿನದ್ದನ್ನು ಸುಡಬಹುದು. ಹಗ್ಗ ಕಟ್ಟಿ ಎಳೆಯಲು ಬಂದವರನ್ನು ಅಲ್ಲೇ ತಡೆಯಿರಿ.