ಕಾಲುದಾರಿ ಹುಡುಕೋಕೆ ಮೂರು ಸಾಫ್ಟ್‌ವೇರು, ಒಂದು ಉಣ್ಣೆ ದಾರ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ಒಂದು ಹೋಂಸ್ಟೇ ಕೆಲ್ಸ ಬಂತು. ಮೇಲೆ ಹಳೇ ಹಂಚಿನ ಮನೆ, ಕೆಳಗೆ ಅಡಿಕೆ ತೋಟ, ನಡುವೆ ಇಳಿಜಾರಲ್ಲಿ ನಾಲ್ಕು ಕಾಟೇಜು. ಕಾಟೇಜು ಎಲ್ಲಿ ಬರ್ಬೇಕು ಅಂತ ಓನರ್ರೇ ಗೂಟ ಹೊಡ್ಸಿಬಿಟ್ಟಿದ್ರು, ನಂಗೆ ಉಳ್ದಿದ್ದು ಕಾಲುದಾರಿ. ಎಲ್ಲಾ ಕಡೆಗೂ ನೇರ ದಾರಿ ಮಾಡಿದ್ರೆ ಗುಡ್ಡ ತುಂಬ ಜಂಬಿಟ್ಟಿಗೆ ಮೆಟ್ಲೇ ಆಗುತ್ತೆ, ಒಂದೇ ದಾರಿ ಮಾಡಿ ಸುತ್ತಿ ಬನ್ನಿ ಅಂದ್ರೆ ಯಾರೂ ಬರಲ್ಲ, ಹುಲ್ಲು ತುಳ್ಕೊಂಡು ತಮ್ದೇ ಒಳದಾರಿ ಮಾಡ್ಕೋತಾರೆ. ಹೆಂಗೂ ತುಳಿಯೋರೇ, ಮೊದ್ಲು ಕಂಪ್ಯೂಟರಲ್ಲೇ ತುಳೀಲಿ ಅಂತ ಏಜೆಂಟ್ ಬಿಟ್ಟು ನೋಡ್ದೆ.

ಏಜೆಂಟ್ ಅಂದ್ರೆ ಸೈಟ್ ತೋರ್ಸೋ ಏಜೆಂಟ್ ಅಲ್ಲ. ಚಗಳಿ ಇರುವೆ ನೋಡಿದೀರಲ್ಲ, ಮರದ ಮೇಲೆ ಎಲೆ ಎಳ್ದು ಹೊಲ್ದು ಗೂಡು ಕಟ್ಟುತ್ತೆ, ಯಾವ ಚಗಳಿ ಹತ್ರಾನೂ ಪ್ಲ್ಯಾನ್ ಇರಲ್ಲ, ಪಕ್ಕದ್ದು ಏನ್ ಮಾಡ್ತಿದೆ ಅಂತ ನೋಡ್ಕೊಂಡು ತನ್ನ ಕೆಲ್ಸ ಮಾಡುತ್ತೆ ಅಷ್ಟೆ. ಹಂಗೇ ಪುಟ್ಟ ರೂಲ್ ಇರೋ ನೂರಾರು ಚುಕ್ಕಿಗಳು.

ಮೊದ್ಲು ಗ್ರಾಸ್‌ಹಾಪರಲ್ಲಿ (ಡಬ್ಬಿಗೆ ಡಬ್ಬಿ ವೈರ್ ಎಳ್ದು ಪ್ರೋಗ್ರಾಮ್ ಮಾಡೋದು) ಕ್ವೀಲಿಯಾ ಅನ್ನೋ ಏಜೆಂಟ್ ಪ್ಲಗಿನ್ ಹಾಕ್ದೆ, ಯಾಕಂದ್ರೆ ಸೈಟಿನ ಮಾಡೆಲ್ ರೈನೋ ಅನ್ನೋ 3ಡಿ ಸಾಫ್ಟ್‌ವೇರಲ್ಲೇ ಇತ್ತು, ಗ್ರಾಸ್‌ಹಾಪರ್ ಅದ್ರ ಒಳಗೇ ಓಡೋದು, ಅದ್ರ ಮೇಲೇ ಏಜೆಂಟ್ ಓಡ್ಸಬಹುದು, ಬಂದ ಗೆರೆ ಸೀದಾ ಡ್ರಾಯಿಂಗಿಗೆ. ವೈರ್ ಎಳ್ದು ಒಂದು ಸಂಜೇಲಿ ಓಡ್ತು. ಚಂದ ಅಂದ್ರೆ ಭಾರೀ ಚಂದ. ಓನರ್ರಿಗೆ ತೋರ್ಸಿದ್ರೆ 'ಎಂತ ಮಾರಾಯ್ರೆ ಇದು, ಗೊರವಂಕ ಹಾರ್ದಂಗಿದೆ' ಅಂದ್ರು. ಅವ್ರು ಹೇಳಿದ್ದು ಸರಿಯಾಗೇ ಇದೆ, ಕ್ವೀಲಿಯಾ ಅನ್ನೋದೇ ಆಫ್ರಿಕಾದಲ್ಲಿ ದೊಡ್ಡ ದೊಡ್ಡ ಹಿಂಡಲ್ಲಿ ಹಾರೋ ಒಂದು ಹಕ್ಕಿ ಹೆಸ್ರು, ಹಿಂದಿರೋದೂ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಹಕ್ಕಿ ಹಿಂಡಿಗೆ ಅಂತ ಬರ್ದ ಬಾಯ್ಡ್ಸ್ ರೂಲೇ: ಡಿಕ್ಕಿ ಹೊಡೀಬೇಡ, ಪಕ್ಕದೋರು ಹೋಗೋ ದಿಕ್ಕಿಗೆ ಹೋಗು, ಗುಂಪು ಬಿಡ್ಬೇಡ. ಆದ್ರೆ ಹೋಂಸ್ಟೇಗೆ ಬರೋರು ಗುಂಪಲ್ಲಿ ಹಾರಲ್ವಲ್ಲ, ಏದುಸಿರು ಬಿಟ್ಕೊಂಡು ಏರು ಹತ್ತುತಾರೆ. ಏರಿಗೆ ದಂಡ ಹಾಕೋ ರೂಲನ್ನ ನಾನೇ ಜೋಡಿಸ್ಬೇಕಾಯ್ತು, ಅಷ್ಟೊತ್ತಿಗೆ ಕ್ಯಾನ್ವಾಸು ನೂಡಲ್ಸ್ ಆಗಿತ್ತು, ಯಾವ ವೈರು ಯಾವ್ದಕ್ಕೆ ಅಂತ ಮಾರ್ನೇ ದಿನ ನಂಗೇ ಗೊತ್ತಾಗ್ಲಿಲ್ಲ. ಲ್ಯಾಪ್‌ಟಾಪ್ ಫ್ಯಾನು ಬೇರೆ ಮಿಕ್ಸಿ ಥರ.

ಆಮೇಲೆ ಪ್ರೊಸೆಸಿಂಗ್, ಕೋಡ್ ಬರ್ದು ಚಿತ್ರ ಓಡ್ಸೋ ಸಾಫ್ಟ್‌ವೇರು. ದುಡ್ಡು ಕೊಡಂಗಿಲ್ಲ, ಎಲ್ಲ ನಾವೇ ಬರೀಬೇಕು, ಅದೇ ಅದ್ರ ಸುಖ, ಅದೇ ಕಷ್ಟ. ಕಾಂಟೂರನ್ನ (ಎತ್ತರದ ಗೆರೆಗಳ್ನ) ಕಪ್ಪು ಬಿಳಿ ಚಿತ್ರ ಮಾಡಿ ಬಣ್ಣದಿಂದ ಎತ್ತರ ಓದ್ಸಿದೆ, ಅದೇನೋ ಸಲೀಸು. 300 ಏಜೆಂಟ್ ಇದ್ದಾಗ ಸರಾಗ, 2000 ಮಾಡ್ದೆ, ನಿಂತೇ ಹೋಯ್ತು. ಯಾಕಪ್ಪಾ ಅಂದ್ರೆ ಒಂದೊಂದೂ ಉಳಿದೋರ್ನೆಲ್ಲ ನೋಡುತ್ತೆ, ಪ್ರತಿ ಫ್ರೇಮಿಗೂ ಹತ್ರತ್ರ 40 ಲಕ್ಷ ಸಲ ಚೆಕ್ಕಿಂಗು. ಸೈಟನ್ನ ಚೌಕ ಚೌಕ ಮಾಡಿ ಅಕ್ಕಪಕ್ಕದ ಚೌಕದೋರ್ನ ಮಾತ್ರ ನೋಡು ಅಂತ ಬರೆದ್ಮೇಲೆ ಸರಿಹೋಯ್ತು. ಎರಡು ವಾರ ಹೋಯ್ತು, ಮಧ್ಯೆ ಕರೆಂಟ್ ಹೋಗಿದ್ದು ಲೆಕ್ಕಕ್ಕಿಲ್ಲ. ಟವರ್ರು, ಮುಖವಾಡದಂಥ ಎಲಿವೇಶನ್ನು ಹುಟ್ಟಿಸ್ಬೇಕು ಅಂತಿರೋ ಆರ್ಕಿಟೆಕ್ಚರ್ ಸ್ಟೂಡೆಂಟ್ಸಿಗೆ ಇದೇ ಸರಿ. ನನ್ ಕೆಲ್ಸಕ್ಕೆ ಗರಗಸ ತಗೊಂಡು ಉಗುರು ಕತ್ತರಿಸ್ದಂಗಾಯ್ತು.

ನೆಟ್‌ಲೋಗೋ ನೋಡಿ ಮೊದ್ಲು ನಗು ಬಂತು. ಇದು ಏಜೆಂಟ್ ಓಡ್ಸೋಕಂತ್ಲೇ ಮಾಡಿದ ಸಾಫ್ಟ್‌ವೇರು. ಇದ್ರಲ್ಲಿ ಏಜೆಂಟಿಗೆ ಟರ್ಟಲ್ ಅಂತಾರೆ, ಅಂದ್ರೆ ಆಮೆ, ಸ್ಕ್ರೀನು ಮಕ್ಕಳ ಗೇಮ್ ಥರ. 1999ರಲ್ಲಿ ಯೂರಿ ವಿಲೆನ್ಸ್ಕಿ ಶುರು ಮಾಡಿದ್ದು. ಆದ್ರೆ ಅದ್ರ ಜೊತೆಗೇ ಬರೋ ಮಾಡೆಲ್‌ಗಳಲ್ಲಿ ಪಾತ್ಸ್ ಅಂತ ಒಂದಿದೆ, ಅದು ಸಾಕ್ಷಾತ್ ನನ್ ಕೇಸು: ಆಮೆ ನಡೆದಲ್ಲಿ ಹುಲ್ಲು ಸವೆಯುತ್ತೆ, ಸವೆದಲ್ಲಿ ಬೇರೆ ಆಮೆಗಳೂ ನಡೀತವೆ, ಯಾರೂ ನಡೀದಿದ್ರೆ ಹುಲ್ಲು ವಾಪಸ್ ಬೆಳೆಯುತ್ತೆ. ಗುರುತು ಬಿಟ್ಟು ಬೇರೆಯೋರ್ಗೆ ದಾರಿ ಹೇಳೋ ಈ ಸಂಗತಿಗೆ ಸ್ಟಿಗ್ಮರ್ಜಿ ಅಂತ ಹೆಸ್ರಿಟ್ಟಿದ್ದು ಗ್ರಾಸೆ ಅನ್ನೋ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ, 1959ರಲ್ಲಿ, ಗೆದ್ದಲು ನೋಡಿ. ಹುಲ್ಲು ಬೆಳೆಯೋ ವೇಗದ ಸ್ಲೈಡರ್ ಸ್ವಲ್ಪ ಜಾಸ್ತಿ ಮಾಡಿದ್ರೆ ದಾರಿ ಮೂಡೋದೇ ಇಲ್ಲ, ಕಮ್ಮಿ ಮಾಡಿದ್ರೆ ಅಂಗಳ ಪೂರ್ತಿ ದಾರಿ. ನಮ್ ಕಡೆ ಮಳೇಲಿ ಹುಲ್ಲು ಬೆಳೆಯೋ ಸ್ಪೀಡಿಗೆ ಎಷ್ಟಿಡ್ಬೇಕು ಅಂತ ಒಂದು ಮಧ್ಯಾಹ್ನ ಕೂತು ಆಡ್ದೆ. ರೈನೋಗೆ ಗೆರೆ ತರೋದು ಮಾತ್ರ ತಲೆನೋವು, ಕೊನೆಗೆ ಸ್ಕ್ರೀನ್‌ಶಾಟ್ ಮೇಲೆ ಟ್ರೇಸ್ ಮಾಡ್ದೆ, ನಾಚಿಕೆ ಏನಿಲ್ಲ.

ನಾಲ್ಕನೇದು ದಾರ. ಜರ್ಮನಿಯಲ್ಲಿ ಫ್ರೈ ಓಟ್ಟೋ ಅನ್ನೋ ಆರ್ಕಿಟೆಕ್ಟ್ ತಂಡದೋರು ಜಾಗದಿಂದ ಜಾಗಕ್ಕೆ ಉಣ್ಣೆ ದಾರ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ ನೀರಲ್ಲಿ ಅದ್ದಿ ಎತ್ತೋರು, ಒದ್ದೆ ದಾರ ಒಂದಕ್ಕೊಂದು ಅಂಟ್ಕೊಂಡು ಕವಲುದಾರಿ ತಾನಾಗೇ ಆಗೋದು. ಪ್ಲೈವುಡ್ಡಿಗೆ ಮೊಳೆ ಹೊಡ್ದು ಮಾಡ್ದೆ. ನೈಲಾನ್ ದಾರ ಅಂಟಲ್ಲ, ಅದ್ರಲ್ಲಿ ಒಂದಿನ ಹಾಳು. ಉಣ್ಣೆ ತಂದ್ಮೇಲೆ ಹತ್ತು ನಿಮಿಷಕ್ಕೆ ಉತ್ತರ, ನೆಟ್‌ಲೋಗೋದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ಬಾವಿ ಹತ್ರಾನೇ ಕವಲೊಡೆದ್ವು. ಆದ್ರೆ ಆಷಾಢದಲ್ಲಿ ದಾರ ಒಣಗ್ಬೇಕಲ್ಲ, ಮೂರನೇ ದಿನಕ್ಕೆ ಬೂಸ್ಟು! ಮತ್ತೆ ದಾರಕ್ಕೆ ಏರು ಇಳಿವು ಗೊತ್ತಾಗಲ್ಲ.

ಕಂಪ್ಯೂಟರ್ ದಾರಿ ಸೈಟಲ್ಲಿ ನಡೆದು ನೋಡೋಣ ಅಂತ ಹೋದಾಗ ತೋಟದ ಕೆಲ್ಸಕ್ಕೆ ಬರೋ ಅಮ್ಮ ಒಬ್ರು ನನ್ ಪ್ರಿಂಟೌಟ್ ನೋಡಿ, 'ಅಯ್ಯೋ ಅಲ್ಲೆಲ್ಲ ಯಾರು ಹೋಗ್ತಾರ್ರೀ, ಬರೀ ಉಂಬಳ' ಅಂದ್ರು. ಅವ್ರು ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಬುಡದಲ್ಲೇ ಸುತ್ತಿ ಬರೋದು, ಅಲ್ಲಿ ಬಿಸ್ಲು ಬೀಳುತ್ತೆ. ಪ್ಯಾಂಟ್ ಎತ್ತಿ ನೋಡ್ಕೊಂಡ್ರೆ ಆಗ್ಲೇ ಎರಡು ಜಿಗಣೆ ಕಚ್ಕೊಂಡಿದ್ವು. ಸಂಜೆ ಬಂದು ನೆಟ್‌ಲೋಗೋದಲ್ಲಿ ಆ ನೆರಳಿನ ಚೌಕಗಳಿಗೆ ದಂಡ ಜಾಸ್ತಿ ಮಾಡ್ದೆ, ಒಂದೇ ಸಾಲು ಬದ್ಲಾಯ್ಸಿದ್ದು, ಆಮೆಗಳೂ ಧರೆ ಬುಡಕ್ಕೇ ಬಂದ್ವು. ಅದೇ ಬದಲಾವಣೆ ಕ್ವೀಲಿಯಾದಲ್ಲಿ ಮಾಡೋಕೆ ಹೋಗಿ ಎರಡು ಗಂಟೆ ವೈರ್ ಹುಡುಕ್ತಾ ಕೂತೆ, ಬಿಟ್ಟೆ.

ಓನರ್ರಿಗೆ ತೋರ್ಸೋಕೆ ಮಾತ್ರ ಈಗ್ಲೂ ಗೊರವಂಕದ ವಿಡಿಯೋನೇ. ಬಸಿಗಾಲುವೆ ದಾಟೋ ಕಡೆ ಸಂಕ ಎಲ್ಲಿ ಹಾಕೋದು ಅನ್ನೋದೊಂದು ಬಾಕಿ ಇದೆ, ಮಳೆ ನಿಂತ್ಮೇಲೆ ಸುಣ್ಣದ ಪುಡಿ ಹಾಕಿ ಆ ಅಮ್ಮನ್ನೇ ಮುಂದೆ ನಡೀರಿ ಅನ್ಬೇಕು.